ಕೆಂಪು ಶಾಯಿಯಲ್ಲಿ ‘ಇಲ್ಲಿ ನಗು’

ಹಾಸ್ಯ ಬರೆಯುವವರೆಂದರೆ ತಡವಾಗಿ ಏಳುವವರು, ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಳ್ಳುವವರು, ಬಸ್ಸಿನಲ್ಲಿ ಛತ್ರಿ ಮರೆತು ಬರುವವರು ಎಂಬ ಒಂದು ನಂಬಿಕೆ ನಮ್ಮ ಜನರಲ್ಲಿದೆ. ನಾನು ಈವರೆಗೆ ಒಂದೇ ಒಂದು ಛತ್ರಿಯನ್ನೂ ಕಳೆದುಕೊಂಡವನಲ್ಲ. ನನ್ನ ಛತ್ರಿಗೆ ಅದರದೇ ಮೊಳೆ ಇದೆ, ಟಾರ್ಚಿಗೆ ಅದರದೇ ಗೂಡು ಇದೆ. ನನ್ನ ಚಪ್ಪಲಿಗಳು ಬಾಗಿಲ ಹೊರಗೆ ಮೂತಿಯನ್ನು ರಸ್ತೆಯ ಕಡೆ ಮಾಡಿಕೊಂಡು, ಕರೆದ ಕೂಡಲೇ ಹೊರಡಲು ತಯಾರಾಗಿ ನಿಂತಿರುತ್ತವೆ. ಇಂಥವನು ಹಾಸ್ಯ ಬರೆಯುತ್ತಾನೆ ಎಂದರೆ ಜನ ನಂಬುವುದಿಲ್ಲ. ಓದಿದ ಮೇಲೂ ನಂಬದವರಿದ್ದಾರೆ. ಒಮ್ಮೆ ಕುಂದಾಪುರದ ಬಸ್ ನಿಲ್ದಾಣದಲ್ಲಿ ಅಪರಿಚಿತರೊಬ್ಬರು ನನ್ನ ಕೈ ಹಿಡಿದು, “ವಾರಪತ್ರಿಕೆಲಿ ನಿಮ್ದ್ ಬಂದದ್ದೆಲ್ಲಾ ಓದ್ತೆ ಮಾರಾಯ್ರೆ. ಎಷ್ಟ್ ಗಂಭೀರವಾಗಿ ಬರಿತ್ರಿ!” ಎಂದರು. ನಾನು ಧನ್ಯವಾದ ಹೇಳಿದೆ. ಬಂದ ಹೊಗಳಿಕೆಯನ್ನು ವಿಳಾಸ ತಪ್ಪಾಗಿದೆ ಎಂದು ವಾಪಸು ಕಳಿಸುವುದು ನನ್ನ ಪದ್ಧತಿಯಲ್ಲ.

ನಾನು ದುಡಿದದ್ದು ಬಸ್ರೂರಿನಲ್ಲಿ, ಹೊಳೆಯ ದಂಡೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ. ಕಾರ್ಖಾನೆ ಮುಚ್ಚಿ ಕಾಲವಾಯಿತು. ಈಗ ಅಲ್ಲಿ ಉಳಿದಿರುವುದು ಚಿಮಣಿ ಮತ್ತು ಅದರ ಮೇಲೆ ಬೆಳೆದ ಒಂದು ಅಶ್ವತ್ಥದ ಗಿಡ. ಆಗ ಕಾರ್ಖಾನೆ ಬೆಳಗ್ಗೆ ಕೂಗಿದರೆ ಇಡೀ ಊರು ಏಳುತ್ತಿತ್ತು, ಮಧ್ಯಾಹ್ನ ಕೂಗಿದರೆ ಊರಿಗೇ ಹಸಿವಾಗುತ್ತಿತ್ತು. ಕೂಗು ನಿಂತರೂ ನನ್ನ ಕಿವಿಯೊಳಗೆ ಅದು ನಿಂತಿಲ್ಲ. ಅಲ್ಲಿ ನನ್ನ ಕೆಲಸ ಸುಟ್ಟು ಬಂದ ಹೆಂಚುಗಳನ್ನು ವಿಂಗಡಿಸುವುದು. ಹೆಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿಯಬೇಕು. ‘ಟಣ್’ ಅಂದರೆ ಅದು ಮನೆಯ ಮಾಡಿಗೆ, ‘ಡಬ್’ ಅಂದರೆ ಅದು ಒಡಕಿನ ರಾಶಿಗೆ. ಕಣ್ಣಿಗೆ ಕಾಣದ ಬಿರುಕು ಕೂಡ ಕಿವಿಗೆ ಸಿಕ್ಕಿಬೀಳುತ್ತದೆ. ಇದರ ಜೊತೆಗೆ ನನ್ನ ಕೊರಳಲ್ಲಿ ಒಂದು ಹಿತ್ತಾಳೆಯ ಸೀಟಿ ಇತ್ತು. ಒಮ್ಮೆ ಊದಿದರೆ ಹೆಂಚು ಹೊರುವವರ ಸಾಲು ಹೊರಡಬೇಕು, ಇನ್ನೊಮ್ಮೆ ಊದಿದರೆ ನಿಲ್ಲಬೇಕು. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ತಮಗೆ ಬೇಕಾದದ್ದನ್ನು ಮನೆಗೆ ತಂದರು. ನಾನು ಸೀಟಿ ತಂದೆ. ಅದನ್ನು ಕೇಳುವವರು ಯಾರೂ ಇರಲಿಲ್ಲ, ಎರಡೂ ಅರ್ಥದಲ್ಲಿ.

ಹಾಗೆ ಮನೆಗೆ ಬಂದವನು ಹಾಸ್ಯ ಬರೆಯಲು ಕೂತೆ. ಯಾಕೆ ಹಾಸ್ಯವೇ ಎಂದು ಕೇಳಿದರೆ, ಅದರಲ್ಲಿ ಇರುವಷ್ಟು ಅಶಿಸ್ತು ಬೇರೆ ಯಾವ ಬರವಣಿಗೆಯಲ್ಲೂ ನನಗೆ ಕಾಣಲಿಲ್ಲ. ಯಾರಾದರೂ ಸರಿಮಾಡಬೇಕಿತ್ತು. ಬೆಳಗ್ಗೆ ಗಂಜಿ ಉಂಡ ಮೇಲೆ ನಾನು ಮೇಜಿನ ಮುಂದೆ ಕೂರುತ್ತೇನೆ. ಮೊಬೈಲು ಅಕ್ಕಿ ಡಬ್ಬದೊಳಗೆ ಹೋಗುತ್ತದೆ. ಕಿಟಕಿಯ ಕೆಳಗಿನ ಬಾಗಿಲು ಮುಚ್ಚಿರುತ್ತದೆ, ಯಾಕೆಂದರೆ ದಾರಿಯಲ್ಲಿ ಹೋಗುವವರಿಗೆ ನನ್ನ ತಲೆ ಕಂಡರೆ “ಹ್ವಾಯ್, ಎಂತ ಮಾಡ್ತ್ರಿ?” ಎಂದು ಕೇಳದೆ ಮುಂದೆ ಹೋಗಲು ಕಾಲು ಬರುವುದಿಲ್ಲ. “ಹಾಸ್ಯ ಬರೀತಿದ್ದೆ” ಅಂದರೆ “ಹೌದಾ? ಮೈ ಸಮ ಇತ್ತಲೆ?” ಎಂದು ಒಳಗೇ ಬರುತ್ತಾರೆ. ಸ್ಫೂರ್ತಿ ಬರಲಿ ಎಂದು ನಾನು ಕಾಯುವುದಿಲ್ಲ. ಸುಡುವ ಗೂಡಿನಿಂದ ಹೆಂಚು ಬಂದ ಹಾಗೆ ವಾಕ್ಯಗಳು ಬರಬೇಕು, ಬರುತ್ತವೆ. ಮುಖ್ಯವಾದ ನಿಯಮ ಇನ್ನೊಂದಿದೆ: ಬರೆಯುವಾಗ ನಾನು ನಗುವುದಿಲ್ಲ. ಸಿಹಿತಿಂಡಿ ಮಾಡುವವನು ಕಡಾಯಿಯ ಪಕ್ಕದಲ್ಲೇ ತಿನ್ನುತ್ತಾ ನಿಂತರೆ ಅಂಗಡಿ ನಡೆಯುವುದು ಹೇಗೆ?

ಬರೆದದ್ದನ್ನು ಬಡಿದು ನೋಡಬೇಕಲ್ಲ, ಅದಕ್ಕೆ ನನ್ನ ಹೆಂಡತಿ ಕುಸುಮ ಇದ್ದಾಳೆ. ಅವಳು ತೆಂಗಿನಕಾಯಿ ತುರಿಯಲು ಹೆರಮಣೆಯ ಮೇಲೆ ಕೂತ ಹೊತ್ತು ನೋಡಿ ನಾನು ಕಾಗದ ಹಿಡಿದುಕೊಂಡು ಹೋಗುತ್ತೇನೆ. ಹೆರಮಣೆಯ ಮೇಲೆ ಕೂತವರು ಅರ್ಧ ತುರಿದ ಕಾಯಿಯನ್ನು ಬಿಟ್ಟು ಎದ್ದು ಹೋಗುವಂತಿಲ್ಲ, ಎರಡೂ ಕೈಗೆ ಕೆಲಸ ಇರುವುದರಿಂದ ಕಿವಿ ಮುಚ್ಚುವಂತೆಯೂ ಇಲ್ಲ. ನಾನು ಓದುತ್ತೇನೆ, ಅವಳು ತುರಿಯುತ್ತಾಳೆ. ಓದಿ ಮುಗಿದ ಮೇಲೆ ಗೆರಟೆಯನ್ನು ಒಮ್ಮೆ ಹೆರಮಣೆಗೆ ಕುಟ್ಟಿ ಉದುರಿಸಿ, “ಅಡ್ಡಿಲ್ಲೆ” ಅನ್ನುತ್ತಾಳೆ. ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಕುಂದಾಪುರ ಸೀಮೆಯಲ್ಲಿ ‘ಅಡ್ಡಿಲ್ಲೆ’ಗಿಂತ ಮೇಲಿನ ಪ್ರಶಸ್ತಿ ಇಲ್ಲ. ಮದುವೆಯ ಊಟಕ್ಕೂ ಅಡ್ಡಿಲ್ಲೆ, ಯಕ್ಷಗಾನದಾಟದ ಭಾಗವತರಿಗೂ ಅಡ್ಡಿಲ್ಲೆ. ಸ್ವರ್ಗಕ್ಕೆ ಹೋದರೂ ನಮ್ಮವರು ಬಾಗಿಲಲ್ಲಿ ನಿಂತು ಸುತ್ತ ನೋಡಿ ಅಷ್ಟನ್ನೇ ಹೇಳುವುದು. ಆದರೆ ಕುಸುಮ ನಾನು ಓದಿದ್ದಕ್ಕೆ ಬಾಯಿಬಿಟ್ಟು ನಕ್ಕದ್ದು ಮಾತ್ರ ಇಲ್ಲ. ಅದು ಅವಳ ಜಾಯಮಾನ ಎಂದುಕೊಂಡಿದ್ದೆ. ಅವಳ ತಮ್ಮ ರಘುರಾಮ ಬಂದಾಗ ಮಾತ್ರ ಅವಳು ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು.

ರಘುರಾಮ ಬೈಂದೂರಿನಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಾನೆ. ಮನೆ ಬಿಜೂರಿನಲ್ಲಿ. ಹುಡುಗಪ್ರಾಯದಲ್ಲಿ ಮುಂಬೈಗೆ ಹೋಗಿ, ಅಲ್ಲಿಯ ಹೋಟೆಲುಗಳಲ್ಲಿ ದುಡಿದು, ಸ್ವಲ್ಪ ಹಣ ಮತ್ತು ಬಹಳಷ್ಟು ಕಥೆ ಕಟ್ಟಿಕೊಂಡು ಬಂದವನು. ಅವನಿಗೆ ಹೊತ್ತುಗೊತ್ತು ಇಲ್ಲ. ಕಥೆಗೆ ಶುರು ಇಲ್ಲ, ಕೊನೆ ಇಲ್ಲ, ಹೇಳಿದ್ದನ್ನು ಎರಡನೇ ಸಲ ಹೇಳುವಾಗ ಮೊದಲನೇ ಸಲ ಸತ್ತವನು ಬದುಕಿರುತ್ತಾನೆ. ಆದರೂ ಅವನು ಬಾಯಿ ತೆರೆದರೆ ಸಾಕು, ಬಾಳೆಎಲೆ ಒರೆಸುತ್ತಿದ್ದವರು, ಮಗುವಿಗೆ ಅನ್ನ ಕೊಡುತ್ತಿದ್ದವರು ಎಲ್ಲ ಕೈ ನಿಲ್ಲಿಸಿ ನಗುತ್ತಾರೆ. ಇದು ಅನ್ಯಾಯ ಎಂದು ನಾನು ಕುಸುಮಳಿಗೆ ಹೇಳಿದ್ದೆ. “ಅವಂಗೆ ಬರಿಯುಕಿಲ್ಲೆ, ತಿದ್ದುಕಿಲ್ಲೆ. ನೆಗೆ ಬತ್ತ್, ನೆಗಾಡುದ್, ಮುಗೀತಲೆ” ಅಂದಳು. ಬೆಲೆ ಕೊಡದೆ ತಂದ ಸಾಮಾನಿನ ಬಗ್ಗೆ ಹೀಗೆ ಹೆಮ್ಮೆಪಡುವವರೊಡನೆ ವಾದ ಮಾಡುವುದು ಹೇಗೆ?

ಈ ರಘುರಾಮನ ಮಗಳು ಸುಷ್ಮಾಳ ಮದುವೆ ಬ್ರಹ್ಮಾವರದ ಒಂದು ಬಟ್ಟೆ ಅಂಗಡಿಯವರ ಮಗನೊಡನೆ ನಿಶ್ಚಯವಾಯಿತು. ನಿಶ್ಚಿತಾರ್ಥ ಬಿಜೂರಿನ ಮನೆಯಂಗಳದಲ್ಲಿ. ರಘುರಾಮನ ಕೈಯಲ್ಲಿ ಬಿಟ್ಟರೆ ಮಧ್ಯಾಹ್ನದ ಊಟ ಸಂಜೆಯಾದೀತು ಎಂದು ಊಟದ ಉಸ್ತುವಾರಿಯನ್ನು ನಾನೇ ವಹಿಸಿಕೊಂಡೆ. ಮೊದಲ ಪಂಕ್ತಿ ಏಳುವುದು ಯಾವಾಗ, ಎರಡನೆಯದು ಕೂರುವುದು ಯಾವಾಗ ಎಂದು ನಿಗದಿ ಮಾಡಿ, ಅಡುಗೆಯವರಿಗೂ ಬಡಿಸುವವರಿಗೂ ಹೇಳಿ, ಕೊರಳಿಗೆ ಸೀಟಿ ಹಾಕಿಕೊಂಡು ನಿಂತೆ. ಸಮಯವಾಯಿತು, ಊದಿದೆ. ಪಂಕ್ತಿ ಎದ್ದಿತು. ಪಾಯಸದ ಪಾತ್ರೆ ಇನ್ನೂ ಒಲೆಯ ಹತ್ತಿರವೇ ಇತ್ತು ಎನ್ನುವುದು ನಿಜ, ಆದರೆ ಅದು ಪಾಯಸದವರ ತಪ್ಪು, ಸೀಟಿಯದಲ್ಲ. ಪಂಕ್ತಿಯಲ್ಲಿ ಸಾಲೇ ಎದ್ದ ಮೇಲೆ ಒಬ್ಬರು ಕೂತು ಉಣ್ಣುವ ಕ್ರಮ ನಮ್ಮಲ್ಲಿ ಇಲ್ಲ. ವರನ ತಾಯಿ ಲಲಿತಮ್ಮ ಅನ್ನವನ್ನೆಲ್ಲ ಒಂದು ಬದಿಗೆ ಸರಿಸಿ, ಎಲೆಯ ನಡುವೆ ಪಾಯಸಕ್ಕೆಂದು ಚೊಕ್ಕವಾಗಿ ಜಾಗ ಮಾಡಿ ಕೂತಿದ್ದರಂತೆ. ಆ ಖಾಲಿ ಜಾಗವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಎದ್ದು ಕೈತೊಳೆದರು. ಅಂದಿನಿಂದ ಅವರ ಮುಖ ಬಿಗಿದದ್ದು ಸಡಿಲವಾಗಿರಲಿಲ್ಲ.

ಮದುವೆಗೆ ಕೆಲವು ವಾರ ಇರುವಾಗ ಸುಷ್ಮಾ ಸ್ಕೂಟರಿನಲ್ಲಿ ಬಸ್ರೂರಿಗೆ ಬಂದಳು. ಬಂದವಳು ಅತ್ತೆ ಕುಸುಮಳ ಹತ್ತಿರ ಹೋಗದೆ ನೇರ ನನ್ನ ಮೇಜಿನ ಎದುರು ಕೂತಳು. ನಾನು ಬರೆಯುವ ಹೊತ್ತು ಅದು. ಆದರೂ ಪೆನ್ನು ಕೆಳಗಿಟ್ಟೆ, ಯಾಕೆಂದರೆ ಹುಡುಗಿಯ ಕಣ್ಣು ಕೆಂಪಾಗಿತ್ತು.

“ಮಾವ, ನಾನ್ ಆ ಮನಿಗೆ ಹೋಯ್ಕ್ ಅಲ್ದಾ? ಅಲ್ಲಿ ಅತ್ತಿ ಮೊಕ ಕಂಡ್ರೆ ಹೆದ್ರಿಕಿ ಆತ್ತ್. ಫೋನ್ ಮಾಡ್ರೆ ‘ಹೂಂ’ ಅಂತ್ರ್, ‘ಇಡ್ತೆ’ ಅಂತ್ರ್, ಅಷ್ಟೇ. ಮದಿಗೆ ಮುಂಚೆ ಒಂದೇ ಒಂದ್ಸಲ ಅವ್ರ್ ನೆಗಾಡ್ರೆ ಸಾಕ್, ನಾನ್ ಧೈರ್ಯದಲ್ಲಿ ಹೋತೆ.”

ಮದುವೆಯ ಹಿಂದಿನ ದಿನ ಸಂಜೆ ಬಿಜೂರಿನಲ್ಲಿ ಮೆಹಂದಿ ಕಾರ್ಯಕ್ರಮ. ಈಗಿನ ಕ್ರಮದಂತೆ ವರನ ಕಡೆಯವರೂ ಮಿನಿ ಬಸ್ಸು ಮಾಡಿಕೊಂಡು ಬರುವವರಿದ್ದರು. ಹಾಡು, ಕುಣಿತ ಎಲ್ಲ ಇತ್ತು. ಜೊತೆಗೆ ತಾನೊಂದು ಹಾಸ್ಯ ಮಾಡುತ್ತೇನೆ ಎಂದು ರಘುರಾಮ ಹೊರಟಿದ್ದ. ಸುಷ್ಮಾಳ ನಿಜವಾದ ಭಯ ಅಲ್ಲಿತ್ತು.

“ಅಪ್ಪಯ್ಯನ ಬಾಯಿಗೆ ಬಾಗ್ಲ್ ಇಲ್ಲೆ ಮಾವ. ಆ ಕುರ್ಚಿ ಕಥಿ ಹೇಳ್ರೆ ಎಂತ ಗತಿ?”

ಕುರ್ಚಿಯ ಕಥೆ ಎಂದರೆ ಮುಂಬೈಯ ಒಂದು ಮದುವೆಯಲ್ಲಿ ದಪ್ಪನೆಯ ಬೀಗಿತ್ತಿಯೊಬ್ಬರು ಕೂತು ಪ್ಲಾಸ್ಟಿಕ್ ಕುರ್ಚಿಯ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋದ ಕಥೆ. ರಘುರಾಮ ಹೇಳುವ ಕಥೆಗಳಲ್ಲಿ ಅದಕ್ಕೇ ಜನ ಹೆಚ್ಚು ನಗುವುದು. ಲಲಿತಮ್ಮನವರೂ ಸಣ್ಣ ಆಳಲ್ಲ.

“ನೀವ್ ಬರ್ದ್ ಕೊಡಿ. ಅಪ್ಪಯ್ಯ ಅದನ್ನೇ ಹೇಳ್ಲಿ, ಹೆಚ್ಚಿಗೆ ಒಂದ್ ಅಕ್ಷರ ಬೇಡ,” ಎಂದಳು ಸುಷ್ಮಾ.

ಇಷ್ಟು ವರ್ಷದಲ್ಲಿ ಶಿಸ್ತಿನ ಹಾಸ್ಯವನ್ನು ಬಯಸಿ ನನ್ನ ಮನೆಯ ಮೆಟ್ಟಿಲು ಹತ್ತಿದ ಮೊದಲ ಗಿರಾಕಿ ಅವಳು. ಆಗಲಿ ಎಂದೆ. ಅಡುಗೆಮನೆಯಿಂದ ಕುಸುಮ ಮಾತ್ರ, “ಬೀಗಿತ್ತಿನ ನೆಗಾಡ್ಸುದ್ ಬಿಡಿ, ಮತ್ತೆ ಎಬ್ಸಿ ಕಳ್ಸ್ದಿದ್ರೆ ಸಾಕ್” ಎಂದಳು. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಆ ವಾರಗಳಲ್ಲಿ ನಾನು ಕೆಲಸ ಮಾಡಿದ ಹಾಗೆ ಕಾರ್ಖಾನೆಯಲ್ಲೂ ಮಾಡಿರಲಿಲ್ಲ. ಒಬ್ಬನೇ ಆಡುವ ಪ್ರಹಸನ. ಹೆಣ್ಣಿನ ತಂದೆ ಫೋನಿನಲ್ಲಿ ಅಡುಗೆ ಭಟ್ಟರೊಡನೆ ಮಾತಾಡುತ್ತಾನೆ. ಭಟ್ಟರ ಮಾತು ನಮಗೆ ಕೇಳಿಸುವುದಿಲ್ಲ, ಇವನ ಉತ್ತರದಿಂದ ಊಹಿಸಿಕೊಳ್ಳಬೇಕು. ಬೀಗಿತ್ತಿ ಎಂಬ ಶಬ್ದವೇ ಎಲ್ಲೂ ಬರದಂತೆ ನೋಡಿಕೊಂಡೆ. ಪಾಯಸವನ್ನೂ ಪಟ್ಟಿಯಿಂದ ತೆಗೆದೆ. ಒಂದೊಂದು ವಾಕ್ಯವನ್ನೂ ಎತ್ತಿ ಹಿಡಿದು ಬಡಿದೆ, ‘ಡಬ್’ ಅಂದದ್ದನ್ನೆಲ್ಲ ಎಸೆದೆ. ಹಾಸ್ಯದಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ ನಗುವಿಗೆ ಜಾಗ ಬಿಡದಿರುವುದು. ಜನ ನಗುತ್ತಿರುವಾಗಲೇ ಮುಂದಿನ ಮಾತು ಹೇಳಿದರೆ ಎರಡೂ ಹಾಳು. ಆದ್ದರಿಂದ ಎಲ್ಲೆಲ್ಲಿ ನಗು ಬರುತ್ತದೋ ಅಲ್ಲೆಲ್ಲ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಇಲ್ಲಿ ನಗು’ ಎಂದು ಗುರುತು ಹಾಕಿದೆ. ಸಾಧಾರಣ ನಗುವಿಗೆ ಒಂದು ಗೆರೆ, ದೊಡ್ಡ ನಗುವಿಗೆ ಎರಡು. ಕಾಗದ ನೋಡಲಿಕ್ಕೆ ಹಣ್ಣು ತುಂಬಿದ ಕಾಫಿ ಗಿಡದ ಹಾಗಿತ್ತು. ಕುಸುಮಳಿಗೆ ಓದಿ ಹೇಳಿದೆ. ಅವಳು ಗೆರಟೆ ಕುಟ್ಟಿ, “ಅಡ್ಡಿಲ್ಲೆ” ಅಂದಳು. ನನಗೆ ಇನ್ನೇನು ಬೇಕು?

ಅಭ್ಯಾಸ ನಮ್ಮ ಮನೆಯಲ್ಲಿ. ರಘುರಾಮ ಒಂದು ದಿನವೂ ಹೇಳಿದ ಹೊತ್ತಿಗೆ ಬರಲಿಲ್ಲ. ಫೋನ್ ಮಾಡಿದರೆ “ಬತ್ತೆ ಬತ್ತೆ ಭಾವ, ಹೆಮ್ಮಾಡಿ ದಾಟ್ದೆ” ಅನ್ನುತ್ತಿದ್ದ, ಹಿಂದಿನಿಂದ ಅವನ ಹೋಟೆಲಿನ ದೋಸೆ ಕಾವಲಿಯ ಚೊಂಯ್ ಸದ್ದು ಕೇಳುತ್ತಿತ್ತು. ಬಂದ ಮೇಲಾದರೂ ಕಾಗದ ನೋಡಬೇಕೇ? ‘ತಮ್ಮ ಸಾರಿನಲ್ಲಿ ಬೇಳೆಯನ್ನು ಕಾಣಲು ದುರ್ಬೀನಿನ ಅವಶ್ಯಕತೆ ಇದೆ’ ಎಂಬ ಎರಡು ಗೆರೆಯ ವಾಕ್ಯಕ್ಕೆ ಬಂದು ನಿಂತ.

“ಭಾವ, ಈ ‘ಅವಶ್ಯಕತೆ’ ನಾನ್ ಹುಟ್ದಾಗಿಂದ ಒಂದ್ಸಲವೂ ಬಾಯಲ್ಲಿ ಹಾಕ್ಲಿಲ್ಲೆ. ‘ಬೇಕ್’ ಅಂದ್ರೆ ಆತ್ತಿಲ್ಯಾ?”

“ಆಗುವುದಿಲ್ಲ. ‘ಬೇಕು’ ಅಂದರೆ ವಾಕ್ಯ ಬೇಗ ಮುಗಿಯುತ್ತದೆ. ನಗು ತಯಾರಾಗಲಿಕ್ಕೆ ಸಮಯ ಬೇಕು.”

“ನೆಗೆ ಎಂತ ಮಿನಿ ಬಸ್ಸಾ ಭಾವ, ಜನ ಹತ್ತುಕೆ ಕಾಯುಕೆ? ಟೆನ್ಶನ್ ಮತ್ ಲೋ. ಸ್ಟೇಜಲ್ಲಿ ಎಲ್ಲಾ ಬತ್ತ್.”

“ಸ್ಟೇಜಿನಲ್ಲಿ ಬರಬಾರದ್ದೇ ಬರುತ್ತದೆ. ನಾನು ಪರದೆಯ ಹಿಂದೆ ನಿಂತು ಹೇಳಿಕೊಡುತ್ತೇನೆ. ನನ್ನ ಬಾಯಿಂದ ಬಂದದ್ದು ಮಾತ್ರ ನಿನ್ನ ಬಾಯಿಂದ ಬರಬೇಕು,” ಎಂದೆ. ಅವನು ಅಕ್ಕನ ಕಡೆ ನೋಡಿ ಕಣ್ಣು ಮಿಟುಕಿಸಿದ. ಅವಳು ಆಗಲೇ ನಗುತ್ತಿದ್ದಳು.

ಮೆಹಂದಿಯ ಸಂಜೆ ಬಿಜೂರಿನ ಅಂಗಳದಲ್ಲಿ ಚಪ್ಪರ, ಬಣ್ಣದ ದೀಪ, ಒಂದು ಬದಿಗೆ ಹಲಗೆ ಜೋಡಿಸಿದ ವೇದಿಕೆ. ಸುಷ್ಮಾ ಎರಡೂ ಕೈಗೆ ಮೊಣಕೈ ತನಕ ಮದರಂಗಿ ಹಾಕಿಸಿಕೊಂಡು, ಅದು ಒಣಗುವ ತನಕ ಏನನ್ನೂ ಮುಟ್ಟುವಂತಿಲ್ಲದೆ, ಕೈಗಳನ್ನು ಎದುರಿಗೆ ಹಿಡಿದುಕೊಂಡು ಕೂತಿದ್ದಳು. ಬ್ರಹ್ಮಾವರದ ಬಸ್ಸು ಬಂತು. ಲಲಿತಮ್ಮನವರನ್ನು ಸುಷ್ಮಾಳ ಪಕ್ಕದಲ್ಲೇ, ನಾನೇ ಮೊದಲೇ ಪರೀಕ್ಷೆ ಮಾಡಿಟ್ಟ ಗಟ್ಟಿಯಾದ ಮರದ ಕುರ್ಚಿಯಲ್ಲಿ ಕೂರಿಸಲಾಯಿತು. ನಾನು ವೇದಿಕೆಯ ಬದಿಯ ಪರದೆಯ ಹಿಂದೆ, ಕೈಯಲ್ಲಿ ಕಾಗದ, ಕೊರಳಲ್ಲಿ ಸೀಟಿ. ಸೀಟಿ ಯಾಕೆ ಎಂದು ಕೇಳಬೇಡಿ. ಕನ್ನಡಕ ಯಾಕೆ ಎಂದು ಯಾರಾದರೂ ಕೇಳುತ್ತಾರೆಯೇ?

ಆಮೇಲೆ ಗೊತ್ತಾದ ಒಂದು ಸಂಗತಿಯನ್ನು ಓದುಗರ ಅನುಕೂಲಕ್ಕಾಗಿ ಈಗಲೇ ಹೇಳಿಬಿಡುತ್ತೇನೆ. ಹಾಡುವವರ ಮೈಕೊಂದನ್ನು ಯಾರೋ ಪರದೆಯ ಹಿಂದೆ, ನನ್ನ ಗದ್ದದ ಪಕ್ಕಕ್ಕೇ ತಂದು ನಿಲ್ಲಿಸಿದ್ದರು. ಅದನ್ನು ಆರಿಸಿರಲಿಲ್ಲ.

ರಘುರಾಮ ಫೋನು ಕಿವಿಗಿಟ್ಟುಕೊಂಡು ಬಂದ. ಶುರುವಿನ ವಾಕ್ಯಗಳನ್ನು ಅಂಗೈಯಲ್ಲಿ ಬರೆದುಕೊಂಡಿದ್ದರಿಂದ ನಾನು ಹೇಳಿಕೊಡಬೇಕಾಗಲಿಲ್ಲ. ಮೊದಲನೇ ವಾಕ್ಯ ಸರಿಯಾಗಿ ಹೇಳಿದ. ಕೆಂಪು ಗುರುತು ಬಂತು, ನಿಲ್ಲಿಸಿದ. ಯಾರೂ ನಗಲಿಲ್ಲ. ಎರಡನೆಯದು ಹೇಳಿದ, ನಿಲ್ಲಿಸಿದ. ಹಿಂದಿನ ಸಾಲಿನಲ್ಲಿ ಒಂದು ಮಗು ಕೆಮ್ಮಿತು. ದುರ್ಬೀನಿನ ಎರಡು ಗೆರೆಯ ವಾಕ್ಯಕ್ಕೆ ನಾನು ಬಿಟ್ಟಿದ್ದ ಉದ್ದವಾದ ಜಾಗದಲ್ಲಿ ಚಪ್ಪರದ ದೀಪಕ್ಕೆ ಹಾತೆ ಬಡಿಯುವ ಸದ್ದು ಸ್ಪಷ್ಟವಾಗಿ ಕೇಳಿತು. ಪರದೆಯ ಸಂದಿಯಿಂದ ಲಲಿತಮ್ಮನವರನ್ನು ನೋಡಿದೆ. ಅವರು ಚಪ್ಪರದ ಗಳ ಎಣಿಸುತ್ತಿದ್ದರು. ಸುಷ್ಮಾ ತನ್ನ ಕೈಗಳನ್ನೇ ನೋಡುತ್ತಿದ್ದಳು. ರಘುರಾಮನ ಹಣೆಯಲ್ಲಿ ಬೆವರು. ಅವನು ಫೋನನ್ನು ಕಿವಿಯಿಂದ ಸ್ವಲ್ಪ ಇಳಿಸಿ, ಗಂಟಲು ಸರಿಮಾಡಿಕೊಂಡು, ಊಟದ ಮನೆಯಲ್ಲಿ ಮಾತಾಡುವ ತನ್ನ ದನಿಯಲ್ಲಿ ಶುರುಮಾಡಿದ:

“ಅದಿರ್ಲಿ, ನಾವ್ ಬೊಂಬಾಯಲ್ಲಿ ಇಪ್ಪಾಗ ಒಂದ್ ಮದಿಲಿ ಎಂತ ಆಯ್ತ್ ಅಂದ್ರೆ...”

ಕುರ್ಚಿಯ ಕಥೆ! ಸುಷ್ಮಾ ತಲೆಯೆತ್ತಿದಳು.

“ಅದು ಬೇಡ! ಕಾಗದದಲ್ಲಿ ಇದ್ದದ್ದು ಮಾತ್ರ ಹೇಳು!” ಎಂದೆ. ಪಿಸುಗುಟ್ಟಿದೆ ಎಂದೇ ನನ್ನ ನೆನಪು. ಅದು ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಂದ ಹೊರಟು ಬಿಜೂರಿನ ಗದ್ದೆ ಬಯಲಿಗೆಲ್ಲ ಕೇಳಿತು.

ರಘುರಾಮ ಬೆಚ್ಚಿಬಿದ್ದ. ಆಕಾಶ ನೋಡಿದ. ಆಮೇಲೆ ಕೈಯಲ್ಲಿದ್ದ ಫೋನು ನೋಡಿದ. ಮುಂಬೈ ಹೋಟೆಲಿನ ಗಲ್ಲೆಯಲ್ಲಿ ಕೂತು ಬೆಳೆದ ತಲೆ ಅದು, ಒಂದು ಕ್ಷಣ ಸಾಕಾಯಿತು. ಫೋನನ್ನು ಪುನಃ ಕಿವಿಗಿಟ್ಟ.

“ಹಲೋ, ಭಟ್ರೇ! ಇಷ್ಟ್ ಹೊತ್ತ್ ಎಲ್ಲ್ ಹೋಯ್ದ್ರಿ? ಬೊಬ್ಬೆ ಎಂತಕ್ ಹೊಡಿತ್ರಿ?”

ಎಲ್ಲೋ ಒಂದು ಕಡೆ ನಗು ಎದ್ದಿತು. ಇದು ನನ್ನ ಕಾಗದದಲ್ಲಿ ಇರಲಿಲ್ಲ.

“ನೀನು ಎರಡು ಸಾಲು ಬಿಟ್ಟೆ. ಹಿಂದೆ ಹೋಗು!” ಎಂದೆ.

ರಘುರಾಮ ಫೋನು ಹಿಡಿದುಕೊಂಡೇ ವೇದಿಕೆಯ ಹಿಂಬದಿಗೆ ಹೆಜ್ಜೆ ಇಟ್ಟ. “ಹಿಂದೆ ಹೋದೆ ಭಟ್ರೇ. ಇನ್ನ್ ಹೋದ್ರೆ ಬಾವಿ ಇತ್ತ್.”

“ತಮಾಷೆ ಮಾಡಬೇಡ!”

“ಇಲ್ಲೆ ಭಟ್ರೇ. ನಮ್ಮನಿ ಮದಿ, ನಾನ್ ತಮಾಷಿ ಮಾಡ್ತ್ನಾ?”

“ಯಾವತ್ತಾದರೂ ಹೇಳಿದ ಹೊತ್ತಿಗೆ ಬಂದಿದ್ದೀಯಾ ನೀನು? ಬಂದರೂ ಒಂದು ಶಬ್ದ ಬಾಯಿಪಾಠ ಮಾಡಿದ್ದೀಯಾ?”

“ಸಾರ್ ನೀರ್ ಮಾಡುದ್ ನೀವ್, ಬೈಗಳ್ ತಿಂಬುದ್ ನಾನ್! ಯಾರಿಗೆ ಹೇಳುದ್ ಕಾಣಿ!” ಎಂದು ರಘುರಾಮ ಜನರ ಕಡೆ ತಿರುಗಿ ಕೈ ಚೆಲ್ಲಿದ.

ಚಪ್ಪರ ಅಲ್ಲಾಡುವಂತೆ ನಗು. ನನಗೆ ಪರದೆಯ ಸಂದಿಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಇಷ್ಟು ನಗು ಬರುತ್ತಿದೆ ಎಂದರೆ ಅವನು ಕೈಸನ್ನೆಯಿಂದ ಕುರ್ಚಿಯ ಕಥೆಯನ್ನೇ ಮಾಡಿ ತೋರಿಸುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಒಂದು ಕಾಲು ಹೋಯಿತು, ಎರಡು ಕಾಲು ಹೋಯಿತು, ಬೀಗಿತ್ತಿ ನೆಲಕ್ಕೆ ಬಿದ್ದರು, ಹುಡುಗಿಯ ಬಾಳು ಮುಗಿಯಿತು. ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಹೆಂಚಿನ ಸಾಲು ನಿಲ್ಲಿಸುವಾಗ ಊದುತ್ತಿದ್ದ ಹಾಗೆ, ಉಸಿರು ಇರುವಷ್ಟು ಊದಿದೆ.

ಚಪ್ಪರ ಸ್ತಬ್ಧವಾಯಿತು. ನಮ್ಮ ಕಡೆಯವರೆಲ್ಲರಿಗೂ ಆ ಸೀಟಿಯ ಗುರುತು ಇತ್ತು. ಬ್ರಹ್ಮಾವರದವರಿಗೂ ಇತ್ತು. ಸುಷ್ಮಾ ಮಾತ್ರ ಮೆಲ್ಲಗೆ ತಲೆ ತಿರುಗಿಸಿ ತನ್ನ ಅತ್ತೆಯಾಗುವವರನ್ನು ನೋಡಿದಳಂತೆ. ಲಲಿತಮ್ಮ ನಿಧಾನವಾಗಿ ಕುರ್ಚಿಯಿಂದ ಎದ್ದರು. ಪರದೆಯ ಕಡೆ ಬೆರಳು ತೋರಿಸಿದರು. ಬಟ್ಟೆ ಅಂಗಡಿಯ ಮಹಡಿಯಿಂದ ಕೆಳಗಿನ ಆಳನ್ನು ಕರೆಯುವ ಆ ದನಿಗೆ ಮೈಕಿನ ಹಂಗಿರಲಿಲ್ಲ:

“ಹ್ವಾಯ್ ಭಟ್ರೇ! ಸೀಟಿ ಊದುಕ್ ಮುಂಚೆ ಪಾಯ್ಸ ಹಾಕಿ! ಹ್ವಾದ ಸಲವೂ ಬಾಯ್ ಒಣ್ಗ್ಸಿಯೇ ಎಬ್ಸಿದ್ರಿ!”

ಹೇಳಿದವರು ಮೊದಲು ತಾವೇ ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದೆ, ಕೂತು, ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಏನಾಯಿತು ಎಂದು ಹೇಳಲು ನನಗೆ ಬರುವುದಿಲ್ಲ, ಅಂಥ ನಗುವಿಗೆ ಅಂಚಿನಲ್ಲಿ ಎಷ್ಟು ಗೆರೆ ಹಾಕಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ. ಪರದೆ ಸರಿಸಿ ಹೊರಗೆ ಬಂದೆ. ಎಲ್ಲರೂ ನನ್ನನ್ನು ನೋಡಿ ಇನ್ನಷ್ಟು ನಕ್ಕರು. ಸುಷ್ಮಾ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಕ್ಕೆ ಎರಡೂ ಕೈಯಲ್ಲಿ ಹಸಿ ಮದರಂಗಿ. ಲಲಿತಮ್ಮ ತಮ್ಮದೇ ಸೆರಗಿನ ಚುಂಗಿನಿಂದ ಮೊದಲು ಅವಳ ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಒರೆಸಿದರು. “ಮರ್ಕಬೇಡ ಹೆಣ್ಣೇ, ಕಾಡಿಗಿ ಹೋತ್ತ್” ಎಂದರು. ಮತ್ತೆ ತಮ್ಮ ಕಣ್ಣು ಒರೆಸಿಕೊಂಡರು.

ಅಂದು ಊಟದ ಹೊತ್ತಿಗೆ ಬೀಗಿತ್ತಿಯ ಅಪ್ಪಣೆಯಂತೆ ಪಾಯಸ ಬಡಿಸಿದವನು ನಾನು. ಅವರು ಅನ್ನಕ್ಕೂ ಮುಂಚೆ ಎಲೆಯ ನಡುವೆ ದೊಡ್ಡ ಜಾಗ ಮಾಡಿಕೊಂಡು ಕಾದಿದ್ದರು. ಒಂದು ಸೌಟು ಹಾಕಿ ಮುಂದೆ ಹೊರಟೆ. “ಎಲ್ಲ್ ಹೋತ್ರಿ? ಇನ್ನೊಂದ್ ಸೌಟ್ ಹಾಕಿ. ಸೀಟಿ ಇಲ್ಲ್ ಕೊಡಿ, ನಾನ್ ಹೇಳ್ದಾಗ ಊದುದ್,” ಎಂದರು. ಕೊಟ್ಟೆ. ಅವರ ಊಟ ಮುಗಿಯುವ ತನಕ ಸೀಟಿ ಉಪ್ಪಿನಕಾಯಿಯ ಪಕ್ಕದಲ್ಲಿ ಇತ್ತು.

ಈಗ ರಘುರಾಮ ಬೈಂದೂರಿನ ತನ್ನ ಹೋಟೆಲಿಗೆ ಬರುವವರಿಗೆಲ್ಲ, “ನಮ್ ಭಾವಂಗೆ ಸಮಾ ಹಾಸ್ಯ ಬತ್ತ್ ಮಾರಾಯ್ರೆ, ಅವ್ರಿಗೇ ಗೊತ್ತಿಲ್ಲೆ” ಎಂದು ಹೇಳುತ್ತಿದ್ದಾನಂತೆ. ಬರೆದದ್ದಕ್ಕೆ ಯಾರೂ ನಗಲಿಲ್ಲ, ಆದ್ದರಿಂದ ಬರೆಯುವ ಶ್ರಮ ದಂಡ ಎಂದು ಅವನ ವಾದ. ಇದನ್ನು ನಾನು ಒಪ್ಪುವುದಿಲ್ಲ. ಅವನು ಎರಡು ಸಾಲು ಬಿಟ್ಟದ್ದರಿಂದ ಎಲ್ಲ ಶುರುವಾಯಿತು ತಾನೇ? ಸಾಲುಗಳೇ ಇಲ್ಲದಿದ್ದರೆ ಅವನು ಏನನ್ನು ಬಿಡುತ್ತಿದ್ದ? ಒಬ್ಬನು ದಾರಿ ತಪ್ಪಬೇಕಾದರೆ ಇನ್ನೊಬ್ಬನು ಮೊದಲು ದಾರಿ ಮಾಡಿರಬೇಕು, ಅದನ್ನು ಗುಡಿಸಿಟ್ಟಿರಬೇಕು, ಬದಿಯಲ್ಲಿ ನಿಂತು ಕಾಯುತ್ತಿರಬೇಕು. ಕಾರ್ಖಾನೆಯ ಒಡಕಿನ ರಾಶಿಯೂ ನನಗೆ ಈ ನಡುವೆ ನೆನಪಾಗುತ್ತದೆ. ನಾನು ‘ಡಬ್’ ಎಂದು ಎಸೆದ ಹೆಂಚುಗಳನ್ನು ಊರಿನವರು ಹೆಡಿಗೆಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು. ಯಾತಕ್ಕೆ ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ.

ಮದುವೆಯಾಗಿ ಸ್ವಲ್ಪ ಸಮಯದಲ್ಲೇ ಲಲಿತಮ್ಮನವರ ತಂಗಿಯ ಮನೆಯಿಂದ, ಅಮಾಸೆಬೈಲಿನಿಂದ, ಕರೆ ಬಂತು. ಅಲ್ಲಿ ಹೊಸಮನೆ ಒಕ್ಕಲು. ಸಂಜೆ ಒಂದು ತಮಾಷೆ ಆಗಬೇಕು, ರಘುರಾಮನ ಜೊತೆಗೆ ‘ಆ ಸೀಟಿ ಭಟ್ರ್’ ಬರಲೇಬೇಕು ಎಂದರು. ಬರೆದು ಕೊಡಬೇಕೇ ಎಂದು ಕೇಳಿದೆ. ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ, ಹಿಂದೆ ನಿಂತು ಸಿಟ್ಟು ಮಾಡಿದರೆ ಸಾಕು ಎಂದರು.

ಅವರಿಗೆ ಇದು ಎಷ್ಟು ಕಷ್ಟದ ಕೆಲಸ ಎಂದು ತಿಳಿಯದು. ತಾನಾಗಿ ಬಂದ ಸಿಟ್ಟು ಎರಡನೇ ಸಲ ತಾನಾಗಿ ಬರುವುದಿಲ್ಲ. ಅದಕ್ಕೆ ದಿನಾ ಅಭ್ಯಾಸ ಬೇಕು. ಈಗ ಬೆಳಗ್ಗೆ ಗಂಜಿ ಉಂಡ ಮೇಲೆ ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಹಾಕಿ, ಅಡುಗೆಮನೆಯ ಬಾಗಿಲಿಗೆ ಕಟ್ಟಿದ ಪಂಚೆಯ ಹಿಂದೆ ನಿಂತು ನಾನು ಆಕಸ್ಮಿಕವಾಗಿ ರೇಗುವುದನ್ನು ಕಲಿಯುತ್ತಿದ್ದೇನೆ. ಮೊದಲು ಪಿಸುಮಾತು, ಆಮೇಲೆ ಗದರಿಕೆ, ಕೊನೆಗೆ ಸೀಟಿ ಎಂದು ಕಾಗದದಲ್ಲಿ ಬರೆದುಕೊಂಡಿದ್ದೇನೆ. ನಿನ್ನೆ ಕುಸುಮ ಹೆರಮಣೆಯ ಮೇಲೆ ಕೂತಿದ್ದಾಗ ಪೂರ್ತಿ ಮಾಡಿ ತೋರಿಸಿದೆ. ಅವಳು ಗೆರಟೆ ಕುಟ್ಟಲಿಲ್ಲ, ಅಡ್ಡಿಲ್ಲೆ ಎನ್ನಲೂ ಇಲ್ಲ. ಎಲ್ಲೋ ಗದರಿಕೆ ಬೇಗ ಆಯಿತು ಎಂದು ನನಗೇ ಅನ್ನಿಸಿತು. ಪಂಚೆಯ ಹಿಂದಿನಿಂದ ಬಂದು ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು, ಅವಳ ಪಕ್ಕದಲ್ಲೇ ನಿಂತು, ಆ ಕಾಗದದ ಅಂಚಿನಲ್ಲಿ, ಸರಿಯಾದ ಜಾಗ ನೋಡಿ, ‘ಇಲ್ಲಿ ಸಿಟ್ಟು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಕುಸುಮ ಕತ್ತು ಚಾಚಿ ಅದನ್ನು ಓದಿದಳು. ಅರ್ಧ ತುರಿದ ಕಾಯಿ ಅವಳ ಕೈಯಿಂದ ಉರುಳಿ ಬಾಗಿಲ ತನಕ ಹೋಯಿತು. ಅವಳು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ಕಾಯಿಯನ್ನು ಎತ್ತಿ ಅವಳ ಕೈಗೆ ಕೊಟ್ಟು, ಅಭ್ಯಾಸದ ಹೊತ್ತಿನಲ್ಲಿ ನಗಬಾರದು ಎಂದು ಹೇಳಿದೆ.